ಕಿವಿಗೆ ಹಿಡಿದು ಕೊಂಡ ಲ್ಯಾಪ್‌ಟಾಪ್

ಬಿಳಿಗೆರೆ
8 ಅಕ್ಟೋಬರ್ 2006, ಭಾನುವಾರ

ಸ್ವಸ್ತಿ ಶ್ರೀಮತ್ ಸಮಸ್ತ ಸರ್ಕ್ಯೂಟ್ ಸಂರಕ್ಷಕಿ, ಸುಟ್ಟ ಮದರ್‌ಬೋರ್ಡುಗಳಿಗೆ ಮರುಜನ್ಮದಾಯಿನಿ, ಬೆಸುಗೆಕಡ್ಡಿಯೆಂಬ ಖಡ್ಗವನ್ನು ಧರಿಸಿದವಳೂ, ಕಾರವಾರದ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಏಕಚಕ್ರಾಧೀಶ್ವರಿಯೂ, ನನ್ನ ದೊಡ್ಡಪ್ಪನ ಹಿರಿಯ ಮಗಳೂ ಆದ ಜ್ಯೋತಿಲಕ್ಷ್ಮಿ ಅಕ್ಕನವರ ಪಾದಾರವಿಂದಗಳಿಗೆ, ಬಿ.ಸಿ.ಎ. ಅಂತಿಮ ವರ್ಷದಲ್ಲಿ ನರಳುತ್ತಿರುವ, ತಮ್ಮ ಚಿಕ್ಕಪ್ಪ ಮಾಯಣ್ಣನವರ ಏಕೈಕ ಸುಪುತ್ರ ಪುನೀತನು ಅಂಗಳದ ಮಣ್ಣು ಮೂಗಿಗೆ ಹತ್ತುವಂತೆ ಉದ್ದಕ್ಕೂ ಬಿದ್ದು ಮಾಡುವ ನಮಸ್ಕಾರಗಳು.

ಇತ್ತ ಎರಡು ಹಸು, ಒಂದು ಕರು ಸೇರಿದಂತೆ ನಾವೆಲ್ಲರೂ ಕ್ಷೇಮ. ಫೋನ್ ಮಾಡದೆ ಪತ್ರ ಬರೆದದ್ದಕ್ಕೆ ಕಾರಣವಿದೆ. ಫೋನು ಅಪ್ಪನ ಮಂಚದ ತಲೆದೆಸೆಯಲ್ಲಿದೆ, ವಿಷಯವೂ ಅಪ್ಪನದೇ.

ವಿಷಯ ಇಷ್ಟು. ನನಗೆ ಒಂದು ಲ್ಯಾಪ್‌ಟಾಪ್ ಬೇಕು. ಯಾವುದೋ ಒಂದಲ್ಲ, ಲಿನಕ್ಸ್ ಮೇಲೆ ಕೂತು ಪ್ರೋಗ್ರಾಮ್ ಬರೆಯಲು ತಕ್ಕದ್ದು. ಪ್ರಪಂಚದವರೆಲ್ಲ ಸೇರಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದೆಂದು ಬಿಟ್ಟುಕೊಟ್ಟಿರುವ ಆ ಸಾಫ್ಟ್‌ವೇರ್‌ಗಳ ಬಗ್ಗೆ ನನಗೆ ಮೊದಲು ಹೇಳಿದವಳು ನೀನೇ. ಅದರಲ್ಲಿ ಬರವಣಿಗೆಗೆಂದು ಒಂದು ಪ್ರೋಗ್ರಾಮ್ ಇದೆ. ಕನ್ನಡದಲ್ಲಿ ಬರೆದರೆ ಅದು ಸಾಲಿನ ಕೊನೆಗೆ ಬಂದ ಒತ್ತಕ್ಷರವನ್ನು ಅರ್ಧಕ್ಕೆ ಕಡಿದು, ಉಳಿದರ್ಧವನ್ನು ಮುಂದಿನ ಸಾಲಿಗೆ ಎಸೆಯುತ್ತದೆ. ಇದನ್ನು ಸರಿಪಡಿಸುವ ಹತ್ತು ಸಾಲನ್ನು ನಾನು ಬರೆದು ಕಳಿಸಿದೆ. ಅದನ್ನು ನೋಡಿಕೊಳ್ಳುವ ಜರ್ಮನಿಯ ವೆರ್ನರ್ ಎಂಬ ಮಹಾಶಯರು ಮೆಚ್ಚಿ, ಮಿಕ್ಕ ಕೆಲಸವನ್ನೂ ನೀನೇ ಮಾಡು, ಶಿವರಾತ್ರಿಯೊಳಗೆ ಮುಗಿಸು ಎಂದು ಬರೆದಿದ್ದಾರೆ. ಶಿವರಾತ್ರಿ ಎಂದು ಅವರು ಬರೆದಿಲ್ಲ. ಫೆಬ್ರವರಿ ಮಧ್ಯ ಎಂದಿದ್ದಾರೆ. ಪಂಚಾಂಗ ನೋಡಿದ್ದು ನಾನು.

ಕಾಲೇಜಿನ ಲ್ಯಾಬಿನಲ್ಲಿ ಹೊಸದೇನನ್ನೂ ಹಾಕಲು ಬಿಡುವುದಿಲ್ಲ. ಸೈಬರ್ ಕೆಫೆಯಲ್ಲಿ ಅರ್ಧ ಗಂಟೆಗೊಮ್ಮೆ ಬಂದು ಎಬ್ಬಿಸುತ್ತಾರೆ. ಅಪ್ಪನನ್ನು ಕೇಳಿದೆ. ಅಪ್ಪ ಎಲೆಅಡಿಕೆ ಉಗಿದು ಬಂದು, "ಇನ್ನೊಂದು ಸಲ ಹೇಳು" ಎಂದರು. ಹೇಳಿದೆ. "ಮರಕ್ಕೆ ಹೆಸರು ಬರೆಸಿದ್ಯಲ್ಲ, ಆ ಜಾತೀದಾ ಇದೂ" ಎಂದು ಕೇಳಿ ಹೊರಟುಹೋದರು.

ಆ ಪ್ರಸಂಗ ನಿನಗೆ ಅರ್ಧವೇ ಗೊತ್ತು. ಎರಡು ವರ್ಷದ ಹಿಂದೆ ಹಾಲಿನ ಡೈರಿಯ ಗೋಡೆಗೆ ಸರ್ಕಾರದ ಹೆಸರಿನಲ್ಲಿ ನಾನೊಂದು ಸುಳ್ಳು ಪ್ರಕಟಣೆ ಅಂಟಿಸಿದ್ದೆ: ತೆಂಗಿನಮರಗಳ ಗಣತಿ ನಡೆಯಲಿದೆ, ಹೆಸರಿಲ್ಲದ ಮರವನ್ನು ಪರಿಗಣಿಸಲಾಗುವುದಿಲ್ಲ. ನನ್ನ ಗುರಿ ಪಕ್ಕದ ತೋಟದ ಬಸವರಾಜಪ್ಪ ಒಬ್ಬರೇ. ಆದರೆ ಊರಿನಲ್ಲಿ ಸರ್ಕಾರದ ಮಾತಿಗೆ ಎಲ್ಲರಿಗಿಂತ ಮೊದಲು ತಲೆಬಾಗುವವರು ನಮ್ಮಪ್ಪ ಎನ್ನುವುದನ್ನು ಮರೆತೆ. ಬಿಳಿ ಪೇಂಟಿನಲ್ಲಿ ಒಂದೇ ದಿನ ನಲವತ್ತು ಮರಗಳಿಗೆ ನಾಮಕರಣ ಮಾಡಿ ಮುಗಿಸಿದರು. ಬಾವಿ ಪಕ್ಕದ ಮರದ ಮೇಲೆ ಗಿರಿಜಾಂಬಿಕಾ ಎಂಬ ಹೆಸರು ಇವತ್ತಿಗೂ ಅಳಿಸಿಲ್ಲ. ಅಂದಿನಿಂದ ನಾನು ಕೈಯಲ್ಲಿ ಯಾವ ಕಾಗದ ಹಿಡಿದು ಬಂದರೂ ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ಆದಕಾರಣ ಎಂಥದ್ದನ್ನು ಕೊಳ್ಳಬೇಕೆಂದು ಅಪ್ಪಣೆಯಾಗಲಿ.

ಇಂತು ನಿನ್ನ ಪಾದಧೂಳಿ,
ಪುನೀತ

*

ಕಾರವಾರ
19 ಅಕ್ಟೋಬರ್ 2006

ಪ್ರೀತಿಯ ಪುನೀತ,

ನಿನ್ನ ಪತ್ರದ ಮೊದಲ ಆರು ಸಾಲನ್ನು ನಮ್ಮ ಲ್ಯಾಬಿನ ಹುಡುಗಿಯರಿಗೆ ಓದಿ ಹೇಳಿದೆ. ಈಗ ನನ್ನನ್ನು ಎಲ್ಲರೂ ಖಡ್ಗಧಾರಿಣಿ ಮೇಡಂ ಅಂತಾರೆ. ಸಂತೋಷವಾಯಿತಾ?

ವೆರ್ನರ್ ವಿಷಯವನ್ನು ಎರಡೆರಡು ಸಲ ಓದಿದೆ ಕಣೋ. ಹನ್ನೊಂದು ವರ್ಷದಿಂದ ಬೇರೆಯವರು ಮಾಡಿದ ಕಂಪ್ಯೂಟರನ್ನು ರಿಪೇರಿ ಮಾಡಿಕೊಂಡು ಬಂದಿದ್ದೀನಿ. ನಾನು ಬರೆದ ಒಂದು ಸಾಲು ಯಾವುದರ ಒಳಗೂ ಹೋಗಿಲ್ಲ. ನಮ್ಮ ಮನೆ ಹುಡುಗನದ್ದು ಹತ್ತು ಸಾಲು ಹೋಗಿದೆ ಅಂದರೆ ನನಗೆ ಸಾಕು. ಅವರ ಉತ್ತರದ ಒಂದು ಪ್ರತಿ ಕಳಿಸು. ಲ್ಯಾಬಿನ ಬೋರ್ಡಿಗೆ ಹಾಕಬೇಕು. ಇಲ್ಲಿನ ಹುಡುಗಿಯರು ಇಂಥದ್ದೆಲ್ಲ ದೊಡ್ಡ ಊರಿನವರು ಮಾಡೋದು ಅಂದುಕೊಂಡಿದ್ದಾರೆ.

ಇನ್ನು ಲ್ಯಾಪ್‌ಟಾಪ್. ಹೊಸದು ಬೇಡ. ದೊಡ್ಡ ಕಂಪನಿಗಳು ಎರಡು ಮೂರು ವರ್ಷ ಬಳಸಿ ಹಿಂದಿರುಗಿಸಿದ್ದು ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಬರುತ್ತೆ. ನೋಡಲು ಟ್ರಂಕಿನ ಹಾಗಿರುತ್ತೆ, ಅದನ್ನೇ ತಗೋ. ಹೊಳೆಯುವುದನ್ನು ನೋಡಿ ಮರುಳಾಗಬೇಡ. ಹೊಸ ಥಳುಕಿನ ಭಾಗ ಯಾವುದಿದೆಯೋ ಅದಕ್ಕೆ ಲಿನಕ್ಸಿನಲ್ಲಿ ಇನ್ನೂ ಯಾರೂ ಏನೂ ಬರೆದಿರುವುದಿಲ್ಲ. ಬಹಳ ಜನ ಬಳಸಿ ಬಹಳ ಬೈದಿರುವ ಮೆಷಿನೇ ಒಳ್ಳೇದು. ಎಲ್ಲಿ ಬೈಗುಳ ಜಾಸ್ತಿಯೋ ಅಲ್ಲಿ ಪರಿಹಾರವೂ ಸಿಕ್ಕಿರುತ್ತೆ. ಕೀಲಿಮಣೆ ಗಟ್ಟಿಯಾಗಿರಲಿ, ನೀನು ದಿನಾ ಕುಟ್ಟುವುದು ಅದನ್ನೇ. ಮೆಮೊರಿ 512 ಎಂ.ಬಿ. ಇರಲಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ನೋಡು. ನಿಮ್ಮೂರಿಗೆ ಕರೆಂಟು ಯಾವಾಗ ಬರುತ್ತೆ ಅನ್ನೋದು ಕರೆಂಟಿಗೂ ಗೊತ್ತಿಲ್ಲ.

ಇದರ ಜೊತೆ ಉಬುಂಟು ಅನ್ನುವ ಲಿನಕ್ಸಿನ ಸಿ.ಡಿ. ಒಂದು ಇಟ್ಟಿದ್ದೀನಿ. ಕೇಳಿದವರಿಗೆಲ್ಲ ಅವರೇ ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಾರೆ. ಒಳಗಿರುವುದನ್ನೇನೂ ಅಳಿಸದೆ ಇದರಿಂದಲೇ ಮೆಷಿನ್ ಶುರು ಮಾಡಬಹುದು. ಅಂಗಡಿಯಲ್ಲೇ ಹಾಕಿ ನೋಡು. ಪರದೆ ಸರಿಯಾಗಿ ಬಂತಾ, ಸದ್ದು ಬಂತಾ, ವೈರ್‌ಲೆಸ್ ಗುರುತು ಹಿಡಿಯಿತಾ, ಮುಚ್ಚಿ ತೆಗೆದರೆ ಮತ್ತೆ ಏಳುತ್ತಾ. ಈ ನಾಲ್ಕೂ ಪಾಸಾದರೆ ಅದೇ ನಿನ್ನದು.

ನಾನು ನಿನ್ನ ಮಾತು ನಂಬಿದ್ದೀನಿ. ಚಿಕ್ಕಪ್ಪನೂ ನಂಬುತ್ತಾರೆ, ಸ್ವಲ್ಪ ತಡೆ.

ನಿನ್ನ
ಜ್ಯೋತಕ್ಕ

*

ಬಿಳಿಗೆರೆ
6 ನವೆಂಬರ್ 2006

ಮಹಾರಾಜಶ್ರೀ ಖಡ್ಗಧಾರಿಣಿ ಮೇಡಂ ಅವರ ಸನ್ನಿಧಾನಕ್ಕೆ,

ಸಿ.ಡಿ. ತಲುಪಿತು. ಅಂಚೆಯ ಚಿಕ್ಕಹನುಮಯ್ಯನವರು ಅದನ್ನು ಕನ್ನಡಿಯೆಂದು ತಿಳಿದು, ಅದರಲ್ಲಿ ಮೀಸೆ ನೋಡಿಕೊಂಡೇ ಕೊಟ್ಟರು. ವೆರ್ನರ್ ಮಹಾಶಯರ ಉತ್ತರದ ಪ್ರತಿ ಈ ಸಲ ಕಳಿಸಲಾಗುತ್ತಿಲ್ಲ. ಕೆಫೆಯ ಪ್ರಿಂಟರಿನಲ್ಲಿ ಶಾಯಿ ಮುಗಿದಿದೆ. ಅಲ್ಲದೆ ಹತ್ತು ಸಾಲಿಗೆ ಬೋರ್ಡು, ಗುಂಡುಸೂಜಿ ಎಲ್ಲ ಯಾಕೆ ಅಕ್ಕ.

ತಾವು ವಿಧಿಸಿದ ನಾಲ್ಕು ಪರೀಕ್ಷೆಗಳನ್ನು ತಿಪಟೂರಿನಲ್ಲಿ ನಡೆಸಲಾಯಿತು. ಶ್ರೀರಂಗಯ್ಯ ಎಂಬುವರು ಬಸ್‌ಸ್ಟ್ಯಾಂಡಿನ ಹಿಂದೆ ಹಳೆಯ ಕಂಪ್ಯೂಟರ್ ಮಾರುತ್ತಾರೆ. ಅವರ ಬಳಿ ಮೂರು ಅಭ್ಯರ್ಥಿಗಳಿದ್ದರು. ಮೊದಲನೆಯದು ಬೆಳ್ಳಿಯ ಬಣ್ಣ, ಮದುವೆಯಲ್ಲಿ ಉಡುಗೊರೆ ಕೊಡುವ ತಟ್ಟೆಯ ಹಾಗೆ. ಸಿ.ಡಿ. ಹಾಕಿದೆ. ಪರದೆ ಬಂತು, ಸದ್ದಿಲ್ಲ, ವೈರ್‌ಲೆಸ್ ಇದೆಯೆಂದೇ ಒಪ್ಪಲಿಲ್ಲ. ಎರಡನೆಯದು ಅಗಲ, ಎರಡು ಕಡೆ ದೊಡ್ಡ ಸ್ಪೀಕರ್. ಅದು ಕಪ್ಪು ಪರದೆ ತೋರಿಸಿ ಮೌನವ್ರತ ಹಿಡಿಯಿತು. ಮೂರನೆಯದು ಕಪ್ಪು ಡಬ್ಬ, ಯಾರೋ ಅದರ ಮೇಲೆ ಟೀ ಲೋಟ ಇಟ್ಟು ಮೂರು ವರ್ಷ ಕಳೆದಿರಬೇಕು. ಅದು ನಾಲ್ಕಕ್ಕೆ ನಾಲ್ಕು. ಮುಚ್ಚಿದೆ, ತೆಗೆದೆ, ಎದ್ದು ಕೂತಿತು. ಬ್ಯಾಟರಿ ಎರಡೂವರೆ ಗಂಟೆ.

ಅಕ್ಕ, ಅದರ ಮೇಲೆ ನಾನು ಅಂಗಡಿಯಲ್ಲೇ ಒಂದು ಗಂಟೆ ಕೂತೆ. ಶ್ರೀರಂಗಯ್ಯನವರು ಎಬ್ಬಿಸಲಿಲ್ಲ. ಪ್ರೋಗ್ರಾಮಿನ ಒಳಗನ್ನು ಬಿಚ್ಚಿ ಓದುತ್ತಾ ಹೋದರೆ ಒಂದು ಕಡೆ ಯಾರೋ ಕ್ಷಮಿಸಿ, ಇದು ನನಗೆ ಅರ್ಥವಾಗಿಲ್ಲ, ಆದರೆ ಕೆಲಸ ಮಾಡುತ್ತೆ ಎಂದು ಬರೆದಿಟ್ಟಿದ್ದಾರೆ. ಯಾವ ದೇಶದವರೋ. ನನಗೆ ಅವರು ಬಹಳ ಇಷ್ಟವಾದರು.

ಈಗ ಸಂಕಟ ಕೇಳು. ಅಟ್ಟದ ಮೇಲಿನ ಕಾಯಿ ಹನ್ನೊಂದು ತಿಂಗಳು ತುಂಬಿ ಕೊಬ್ಬರಿಯಾಗಿದೆ. ಅದನ್ನು ಶನಿವಾರದ ಮಾರುಕಟ್ಟೆಗೆ ಹಾಕಿದ ಮೇಲೆ ಲ್ಯಾಪ್‌ಟಾಪ್ ಕೊಡಿಸುವುದಾಗಿ ಅಪ್ಪ ಏಕಾಏಕಿ ಹೇಳಿದ್ದಾರೆ. ಯಾಕೆ ಮನಸ್ಸು ಬಂತೋ ತಿಳಿಯದು. ಆದರೆ ಷರತ್ತು ಒಂದು. "ಕೊಳ್ಳೋನು ನಾನು, ಆರಿಸೋನೂ ನಾನೇ. ನಿನ್ನ ಕೈಗೆ ಬುಟ್ರೆ ಅದ್ರಾಗೂ ಏನಾರ ಆಟ ಇಟ್ಟಿರ್ತೀಯ" ಎಂದರು.

ಅಪ್ಪ ಆರಿಸುವುದು ಹೇಗೆಂದು ನಿನಗೆ ಗೊತ್ತು. ಕಾಯಿ ಒಣಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಎನ್ನಲು ಕಿವಿಗೆ ಹಿಡಿದು ಅಲ್ಲಾಡಿಸುವುದು ನಮ್ಮ ಸೀಮೆಯ ಎಲ್ಲರ ಅಭ್ಯಾಸ. ಒಳಗಿನ ತಿರುಳು ಒಣಗಿ ಗಿಟಕಾಗಿ ಕಳಚಿಕೊಂಡು ಲೊಟಲೊಟ ಎಂದರೆ ಪಾಸು. ಅಪ್ಪ ಈ ಪರೀಕ್ಷೆಯನ್ನು ಅಲಾರಂ ಗಡಿಯಾರಕ್ಕೂ ಮಾಡಿದ್ದಾರೆ, ಕುಕ್ಕರಿಗೂ ಮಾಡಿದ್ದಾರೆ. ನನ್ನನ್ನು ಆಸ್ಪತ್ರೆಯಿಂದ ತಂದ ದಿನವೂ ಮಾಡಿದ್ದರೆಂದು ಅಮ್ಮ ಹೊಂಬಾಳಮ್ಮನವರ ಹೇಳಿಕೆ ಇದೆ. ಬೆಳ್ಳಿ ತಟ್ಟೆಯನ್ನು ಅವರು ಹೊತ್ತು ತಂದರೆ ನನ್ನ ಗತಿ ಮುಗಿಯಿತು.

ಭಯಭೀತ,
ಪುನೀತ

*

ಕಾರವಾರ
15 ನವೆಂಬರ್ 2006

ಪುನೀತ,

ನಿನಗೆ ಸಂಕೋಚ ಅನ್ನುವುದೊಂದು ಇದೆ ಅಂತ ಇವತ್ತೇ ಗೊತ್ತಾದದ್ದು. ಆಯಿತು, ವೆರ್ನರ್ ಪತ್ರಕ್ಕೆ ಅವಸರ ಮಾಡಲ್ಲ. ಆದರೆ ಜಾಗ ಖಾಲಿ ಇಟ್ಟಿದ್ದೀನಿ, ನಾಲ್ಕು ಗುಂಡುಸೂಜಿಯ ಸಮೇತ.

ಕಪ್ಪು ಡಬ್ಬವೇ ಸರಿ. ಚಿಕ್ಕಪ್ಪನಿಗೆ ನೇರವಾಗಿ ಹೇಳು. ಅಪ್ಪ, ನಾನು ನೋಡಿದೆ, ಇದೇ ಬೇಕು, ಇಂಥ ಕಾರಣಕ್ಕೆ ಅಂತ. ನಾಟಕ ಬೇಡ. ಅವರು ನೀನು ತಿಳಿದಷ್ಟು ಗಟ್ಟಿ ಕಾಯಿ ಅಲ್ಲ.

ಜ್ಯೋತಕ್ಕ

*

ಬಿಳಿಗೆರೆ
27 ನವೆಂಬರ್ 2006, ಸೋಮವಾರ

ತ್ರಿಲೋಕ ಪೂಜಿತೆ ಅಕ್ಕನವರಿಗೆ ವಿಜಯಪತ್ರಿಕೆ.

ಮೊನ್ನೆ ಶನಿವಾರ ಮಧ್ಯಾಹ್ನ ಕಪ್ಪು ಡಬ್ಬವು ಬಿಳಿಗೆರೆಯ ಬಸ್ಸಿನಲ್ಲಿ, ಅಪ್ಪನ ತೊಡೆಯ ಮೇಲೆ, ಹೆಗಲವಸ್ತ್ರ ಹೊದ್ದು ನಮ್ಮ ಮನೆ ಸೇರಿತು. ನಡೆದದ್ದನ್ನು ಇದ್ದ ಹಾಗೆ ನಿವೇದಿಸುತ್ತೇನೆ.

ಮಾರುಕಟ್ಟೆ ಮುಗಿಸಿ, ತಲೆಕೂದಲಲ್ಲಿ ನಾರಿನ ಧೂಳು ಹಾಗೇ ಇರುವಾಗ ಅಪ್ಪ ಶ್ರೀರಂಗಯ್ಯನವರ ಅಂಗಡಿಗೆ ಬಂದರು. ಶ್ರೀರಂಗಯ್ಯ ಕುರ್ಚಿ ಹಾಕಿದರು. ಅಪ್ಪ ಕೂರಲಿಲ್ಲ. ಬೆಳ್ಳಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬಲಗಿವಿಗೆ ಹಿಡಿದು ಅಲ್ಲಾಡಿಸಿದರು. ಬಿದ್ದರೆ ಹಿಡಿಯಲೆಂದು ಶ್ರೀರಂಗಯ್ಯನವರು ಎರಡೂ ಕೈ ಒಡ್ಡಿದರು. ಸದ್ದಿಲ್ಲ. ಕೆಳಗಿಟ್ಟರು. ಸ್ಪೀಕರಿನದನ್ನು ಎತ್ತಿ ಎಡಗಿವಿಗೂ ಒಮ್ಮೆ ಹಿಡಿದರು. ಸದ್ದಿಲ್ಲ. ಮೂರನೆಯದಾಗಿ ಕಪ್ಪು ಡಬ್ಬ. ಅದು ಲೊಟಲೊಟ ಎಂದಿತು.

ಅಪ್ಪನ ಕಿವಿ ನೆಟ್ಟಗಾಯಿತು. ಇನ್ನೊಂದು ಸಲ ಅಲ್ಲಾಡಿಸಿದರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಮುಖ ನೋಡಿದರು, ನಾನು ಚಾವಣಿ ನೋಡಿದೆ.

"ಇದನ್ನ ಕಟ್ಟಿ" ಎಂದರು.

"ಮಾಯಣ್ಣಾರೆ, ಇದು ತೆಂಗಿನಕಾಯಲ್ಲ ಕಣ್ರೀ" ಎಂದರು ಶ್ರೀರಂಗಯ್ಯ. ಒಳಗೇನೋ ಸಡಿಲವಾಗಿರಬೇಕು, ಬಿಚ್ಚಿ ನೋಡಿ ಕೊಡುತ್ತೇನೆ ಎಂದು ಗೋಗರೆದರು. ಪಾಪ, ನ್ಯಾಯವಂತರು.

"ಅಲ್ಲಾಡ್ದೇ ಇರೋದ್ರಾಗೆ ನೀರಿರ್ತೈತೆ ಕಣ್ರೀ ಸ್ವಾಮಿ, ನೀರಿರೋದು ಕೊಳೀತೈತೆ. ಇದು ಒಣಗೈತೆ. ಕಟ್ಟಿ."

ನನಗಾದ ಆನಂದವನ್ನು ವರ್ಣಿಸಲು ಕಾಗದ ಸಾಲದು. ವಿಧಿಯೇ ಅಪ್ಪನ ಕಿವಿಯಲ್ಲಿ ಕೂತು ಸರಿಯಾದದ್ದನ್ನು ಆರಿಸಿತೆಂದು ತಿಳಿಯತಕ್ಕದ್ದು.

ಕೃತಾರ್ಥ,
ಪುನೀತ

*

ಕಾರವಾರ
4 ಡಿಸೆಂಬರ್ 2006

ಲೋ ಪುನೀತ, ಈ ಪತ್ರ ತಲುಪಿದ ಕೂಡಲೇ ಮೆಷಿನ್ ಆಫ್ ಮಾಡು.

ವಿಧಿಯಂತೆ, ವಿಧಿ. ಒಳಗೆ ಸದ್ದಾಗುವುದು ಅಂದರೆ ಸ್ಕ್ರೂ ಕಳಚಿ ಓಡಾಡುತ್ತಿದೆ, ಇಲ್ಲ ಫ್ಯಾನಿನ ಚೂರು, ಇಲ್ಲ ಡಿಸ್ಕನ್ನು ಹಿಡಿದಿರುವ ಕಂಬಿ. ಲೋಹದ ಚೂರು ಬೋರ್ಡಿನ ಮೇಲೆ ಹೋಗಿ ಕೂತರೆ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತೆ. ಚಿಕ್ಕಪ್ಪ ಒಂದು ವರ್ಷ ಅಟ್ಟದಲ್ಲಿಟ್ಟು ಕಾದು ಮಾಡಿದ ಕೊಬ್ಬರಿಯ ದುಡ್ಡು ಅದು. ನಿನ್ನ ಕೆಲಸವೂ ಅದರೊಳಗೇ ಇದೆ. ನೀನು ವೆರ್ನರ್‌ಗೆ ಮಾತು ಕೊಟ್ಟಿದ್ದೀಯ.

ನೀನೇ ಬಿಚ್ಚಬೇಡ. ಸ್ಕ್ರೂ ಒಂದೊಂದು ಒಂದೊಂದು ಅಳತೆಯದು, ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ಹಾಕಿದರೆ ಬೋರ್ಡಿಗೆ ತೂತು ಬೀಳುತ್ತೆ. ಮುಂದಿನ ಶುಕ್ರವಾರ, ಶನಿವಾರ ಎರಡು ದಿನ ರಜೆ ಬರೆದುಕೊಟ್ಟಿದ್ದೀನಿ. ಹದಿನೈದರ ಬೆಳಗ್ಗೆ ಅರಸೀಕೆರೆಗೆ ಬಂದು ಇಳಿಯುತ್ತೀನಿ, ಅಲ್ಲಿಂದ ಬಸ್ಸು. ನನ್ನ ಸ್ಕ್ರೂಡ್ರೈವರ್‌ಗಳನ್ನೆಲ್ಲ ತರುತ್ತೀನಿ. ಅಲ್ಲಿಯವರೆಗೆ ಮುಟ್ಟಬೇಡ.

ಜ್ಯೋತಕ್ಕ

*

ಬಿಳಿಗೆರೆ
8 ಡಿಸೆಂಬರ್ 2006
(ಸ್ಪೀಡ್ ಪೋಸ್ಟ್)

ಅಕ್ಕ, ಬರಬೇಡ. ರಜೆ ವಾಪಸ್ ತಗೋ. ಒಳಗಿರುವುದು ಸ್ಕ್ರೂ ಅಲ್ಲ, ಹುರುಳಿ ಕಾಳು.

ನಾನೇ ಹಾಕಿದ್ದು. ಕೊಳ್ಳುವ ಹಿಂದಿನ ದಿನ, ಶುಕ್ರವಾರ ಸಂಜೆ ಕಾಲೇಜಿನಿಂದ ಬರುವಾಗ ಶ್ರೀರಂಗಯ್ಯನವರ ಅಂಗಡಿಗೆ ಹೊಕ್ಕು, ಇನ್ನೊಂದು ಸಲ ನೋಡುತ್ತೇನೆ ಎಂದು ಹೇಳಿ, ಪಕ್ಕದಲ್ಲಿ ಕಾರ್ಡ್ ತೂರಿಸಲು ಒಂದು ಸೀಳು ಇರುತ್ತದಲ್ಲ, ಅದರ ಮುಚ್ಚಳ ಒತ್ತಿ ಮೂರು ಕಾಳು ಬಿಟ್ಟೆ. ಆ ಸೀಳು ಬೋರ್ಡಿಗೆ ತಾಕದ ಗೂಡು ಎಂದು ಮೊದಲೇ ಓದಿಕೊಂಡಿದ್ದೆ. ಅಪ್ಪ ಅಲ್ಲಾಡಿಸುತ್ತಾರೆ, ಸದ್ದಾದದ್ದನ್ನೇ ಕೊಳ್ಳುತ್ತಾರೆ ಎಂದು ಗೊತ್ತಿತ್ತು. ನೇರವಾಗಿ ಹೇಳು ಎಂದು ನೀನು ಬರೆದಿದ್ದೆ. ಹೇಳಲು ಎರಡು ಸಲ ಹೋದೆ. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು, ಮುಂದೆ ಯಾವ ಕುಚೇಷ್ಟೆ ಉದುರುತ್ತದೋ ಎಂಬಂತೆ. ನನ್ನ ಬಾಯಿಂದ ಬಂದರೆ ನಿಜವೂ ಸುಳ್ಳಾಗುತ್ತದೆ ಅಕ್ಕ. ಅವರ ಕಿವಿಯಿಂದ ಬರಲಿ ಎಂದುಕೊಂಡೆ.

ಎರಡು ಕಾಳನ್ನು ಮನೆಗೆ ತಂದ ದಿನವೇ ಡಬ್ಬ ಬಗ್ಗಿಸಿ ತೆಗೆದೆ. ಮೂರನೆಯದು ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಅಮ್ಮನ ಹೇರ್‌ಪಿನ್ನಿನಿಂದ ನಿನ್ನೆ ಬಂತು. ಮೆಷಿನ್ ಚೆನ್ನಾಗಿದೆ. ನಿನ್ನನ್ನು ಹೆದರಿಸಿದ್ದಕ್ಕೆ ತಪ್ಪಾಯಿತು. ಈ ಪತ್ರಕ್ಕೆ ಬಿರುದು ಬಾವಲಿ ಏನೂ ಇಲ್ಲ, ನೋಡಿಕೋ.

ಪುನೀತ

*

ಕಾರವಾರ
13 ಡಿಸೆಂಬರ್ 2006

ಪುನೀತ,

ಸ್ಟಾಫ್‌ರೂಮಿನಲ್ಲಿ ಓದಿ ನಕ್ಕು ನಕ್ಕು ಟೀ ಚೆಲ್ಲಿಕೊಂಡೆ. ಆಮೇಲೆ ಯೋಚಿಸಿದೆ. ಇಷ್ಟು ದಿನ ನಾನೂ ನಿನಗೆ ಒಂದು ವಿಷಯ ಹೇಳಿಲ್ಲ. ಹೇಳಬಾರದು ಅಂತ ಚಿಕ್ಕಪ್ಪ ಮಾತು ತಗೊಂಡಿದ್ದರು. ಈಗ ಮುರಿಯುತ್ತೀನಿ.

ನಿನ್ನ ಮೊದಲ ಪತ್ರ ಬಂದ ನಾಲ್ಕನೇ ದಿನ ಚಿಕ್ಕಪ್ಪನದ್ದೂ ಒಂದು ಕಾರ್ಡು ಬಂತು. ಹುಡುಗ ಹೇಳ್ತಿರೋದು ದಿಟವಾ, ಮರದ ಹೆಸರಿನ ಥರದ್ದಾ, ನಿನಗೆ ಗೊತ್ತಿರ್ತದೆ, ಎರಡೇ ಅಕ್ಷರ ಬರಿ ಅಂತ. ನಾನು ಬರೆದೆ: ದಿಟ, ನನ್ನ ಜವಾಬ್ದಾರಿ. ಜರ್ಮನಿಯ ಪತ್ರ ನಾನು ನೋಡಿರಲಿಲ್ಲ. ನಿನ್ನ ಮಾತಿನ ಮೇಲೆ ಬರೆದೆ. ನೀನು ಕಪ್ಪು ಡಬ್ಬದ ವಿಷಯ ಬರೆದ ಮೇಲೆ ಅದನ್ನೂ ತಿಳಿಸಿದೆ. ಅಂಗಡಿಗೆ ಹೋದಾಗ ಯಾವುದು ಬೇಕು ಅನ್ನುವುದು ಅವರ ಜೇಬಿನ ಚೀಟಿಯಲ್ಲೇ ಇತ್ತು ಕಣೋ.

ಕೊಂಡ ಮೇಲೆ ಅವರು ಬರೆದ ಕಾರ್ಡು ಇವತ್ತು ನಿನ್ನ ಪತ್ರದ ಜೊತೆಗೇ ಬಂತು. ಅದನ್ನು ಅವರು ಬರೆದ ಹಾಗೇ ಕೆಳಗೆ ಬರೆಯುತ್ತೀನಿ.

"ಚಿ|| ಜ್ಯೋತಿಗೆ ಆಶೀರ್ವಾದ. ಮೂರನೇದನ್ನೇ ತಂದೆ. ಅದ್ರಾಗೆ ಹುರುಳಿ ಹಾಕಿದ್ದ, ಮೂರು ಕಾಳು. ಐವತ್ತು ವರ್ಷದಿಂದ ಕಾಯಿ ಅಲ್ಲಾಡ್ಸೋನಿಗೆ ಕೊಬ್ಬರಿ ಸದ್ದು ಯಾವ್ದು ಕಾಳಿನ ಸದ್ದು ಯಾವ್ದು ಗೊತ್ತಾಗಲ್ವಾ. ಬೈಯಾನ ಅಂತ ಅವನ ಕಡೆ ತಿರುಗಿದೆ. ನನ್ನ ಮುಖ ನೋಡಲಾರ್ದೆ ಸೂರು ನೋಡ್ತಿದ್ದ. ಮರಕ್ಕೆ ಹೆಸರು ಬರೆಸಿದಾಗ ಪೇಂಟಿನ ಡಬ್ಬ ಹಿಡ್ಕೊಂಡು ನನ್ನ ಪಕ್ಕದಾಗೇ ನಿಂತಿದ್ದ, ಆವಾಗ ನನ್ನ ಮುಖಾನೇ ನೋಡ್ತಿದ್ದ. ಅದಕ್ಕೆ ಸುಮ್ಮನೆ ಕಟ್ಟಿಸ್ಕೊಂಡು ಬಂದೆ. ಅವನಿಗೆ ಹೇಳಬ್ಯಾಡ."

ಇಷ್ಟು. ಇನ್ನು ಕೂತು ಕೆಲಸ ಮಾಡು.

ಜ್ಯೋತಕ್ಕ

*

ಕಾರವಾರ
17 ಜನವರಿ 2007
(ಕಾರ್ಡು)

ಪುನೀತ, ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಸಂಕ್ರಾಂತಿಗೆ ಫೋನ್ ಮಾಡಿದಾಗಲೂ ತೋಟದಲ್ಲಿದ್ದಾನೆ ಅಂದರು. ನಾನು ಗುಟ್ಟು ಬಿಟ್ಟದ್ದಕ್ಕೆ ಕೋಪವಾ? ನೀನು ಜಗಲಿಯ ಮೇಲೆ ಕೂತು ಬೆಳಗಿಂದ ಕುಟ್ಟುತ್ತಿರುತ್ತೀಯ, ಊಟಕ್ಕೆ ಕರೆದರೂ ಏಳಲ್ಲ ಅಂತ ಚಿಕ್ಕಮ್ಮ ಹೇಳಿದರು. ಚಿಕ್ಕಪ್ಪ ಎದುರಿಗೆ ಕೂತು ಕಾಯಿ ಸುಲಿಯುತ್ತಾರಂತೆ, ನಿನ್ನ ಕಡೆ ನೋಡದ ಹಾಗೆ ನೋಡಿಕೊಂಡು. ವೆರ್ನರ್ ಏನಂದರು? ಬೋರ್ಡಿನ ಜಾಗ ಹಾಗೇ ಇದೆ. ಬರಿ. ಜ್ಯೋತಕ್ಕ

*

ಬಿಳಿಗೆರೆ
18 ಫೆಬ್ರವರಿ 2007, ಭಾನುವಾರ

ಸ್ವಸ್ತಿ ಶ್ರೀಮತ್ ಸಮಸ್ತ

ಬೇಡ ಬಿಡು. ಅಕ್ಕ,

ಇದರ ಜೊತೆ ಒಂದು ಹಾಳೆ ಇದೆ. ಗುರುವಾರ, ಶಿವರಾತ್ರಿಯ ಹಿಂದಿನ ದಿನ ಕೆಫೆಯಲ್ಲಿ ತೆಗೆಸಿದ್ದು. ಆ ಬರವಣಿಗೆಯ ಪ್ರೋಗ್ರಾಮಿಗೆ ಹೊಸದಾಗಿ ಸೇರಿದ ತಿದ್ದುಪಡಿಗಳ ಪಟ್ಟಿ. ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ ಕನ್ನಡ ಎಂದಿದೆ, ಪಕ್ಕದಲ್ಲಿ ನನ್ನ ಹೆಸರಿದೆ. ಬೋರ್ಡಿಗೆ ಹಾಕುವುದಾದರೆ ಹಾಕು. ಮೊದಲು ಪೂರ್ತಿ ಓದು.

ಡಿಸೆಂಬರ್ ಕೊನೆಯಲ್ಲಿ ಮೊದಲ ಸಲ ಕಳಿಸಿದೆ. ಹನ್ನೊಂದು ತಪ್ಪು ತೋರಿಸಿ ವಾಪಸ್ ಬಂತು. ಜನವರಿಯಲ್ಲಿ ಮತ್ತೆ ಕಳಿಸಿದೆ, ನಾಲ್ಕು ತಪ್ಪು. ಅದನ್ನು ನೋಡಿಕೊಳ್ಳುವವರು ಪೋಲೆಂಡಿನ ಬಾರ್ಬರಾ ಎಂಬ ಹೆಂಗಸು. ಕನ್ನಡದ ಒಂದಕ್ಷರವೂ ಅವರಿಗೆ ಬಾರದು. ಅಕ್ಷರ ಹೇಗೆ ಕಾಣಬೇಕೋ ಹಾಗೆ ಕೈಯಲ್ಲಿ ಬರೆದು ಕಳಿಸು, ನಾನು ಹೋಲಿಸಿ ನೋಡುತ್ತೇನೆ ಎಂದರು. ನಾನು ಮೂರು ಹಾಳೆ ಕಾಪಿ ಬರೆದು ಸ್ಕ್ಯಾನ್ ಮಾಡಿಸಿ ಕಳಿಸಿದೆ, ಒಂದನೇ ಕ್ಲಾಸಿನ ಹಾಗೆ. ಗುರುವಾರ ಉತ್ತರ ಬಂತು: ಈಗ ಎರಡೂ ಒಂದೇ ಥರ ಕಾಣುತ್ತಿವೆ, ತೆಗೆದುಕೊಂಡಿದ್ದೇನೆ.

ಅಪ್ಪನಿಗೆ ಹಾಳೆ ತೋರಿಸಿದೆ. ಬೆಳಕಿಗೆ ಹಿಡಿಯಲಿಲ್ಲ. ಇದರಿಂದ ಏನಾಯಿತು ಎಂದು ಕೇಳಿದರು. ಕಪ್ಪು ಡಬ್ಬ ತೆಗೆದು, ಒಂದು ಪುಟದ ತುಂಬ ಮಾಯಣ್ಣ ಮಾಯಣ್ಣ ಎಂದು ಬರೆದು ತೋರಿಸಿದೆ. ಅಪ್ಪ ಕೈ ಒರೆಸಿಕೊಂಡು ಬಂದು, ಪ್ರತಿ ಸಾಲಿನ ಕೊನೆಗೂ ಬೆರಳಿಟ್ಟು ನೋಡಿದರು.

"ಎಲ್ಲೂ ಕಡಿದಿಲ್ಲ ಬುಡು" ಎಂದರು. ಹೋಗಿ ಕಾಯಿ ಸುಲಿಯಲು ಕೂತರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ, ನಿಮ್ಮಮ್ಮನ ಹೆಸರೂ ಬರಿ ಎಂದರು.

ಈಗ ನಿನ್ನ ಪ್ರಶ್ನೆ ನನಗೆ ಕೇಳಿಸುತ್ತಿದೆ. ಪೋಲೆಂಡಿನ ಬಾರ್ಬರಾ ಸರಿ, ಜರ್ಮನಿಯ ವೆರ್ನರ್ ಎಲ್ಲಿ?

ವೆರ್ನರ್ ಇಲ್ಲ ಅಕ್ಕ. ಯಾವತ್ತೂ ಇರಲಿಲ್ಲ. ಅಕ್ಟೋಬರಿನಲ್ಲಿ ನಾನು ಹತ್ತು ಸಾಲೂ ಬರೆದಿರಲಿಲ್ಲ, ಒಂದು ಸಾಲೂ ಬರೆದಿರಲಿಲ್ಲ. ಆ ಪ್ರೋಗ್ರಾಮ್ ಅಕ್ಷರ ಕಡಿಯುತ್ತದೆ ಎನ್ನುವುದೊಂದೇ ನಿಜ, ಅದನ್ನು ಕೆಫೆಯಲ್ಲಿ ಯಾರೋ ಬೈಯುತ್ತಿದ್ದದ್ದನ್ನು ಕೇಳಿದ್ದೆ. ನೀನು ಬೈದು ಬರೆಯುತ್ತೀಯ, ಆಮೇಲೆ ಕನಿಕರಪಟ್ಟು ಅಪ್ಪನಿಗೆ ಶಿಫಾರಸು ಮಾಡುತ್ತೀಯ ಎಂದುಕೊಂಡಿದ್ದೆ. ನೀನು ಬೈಯಲೇ ಇಲ್ಲ. ಸಿ.ಡಿ. ಕಳಿಸಿದೆ, ಬೋರ್ಡಿನಲ್ಲಿ ಜಾಗ ಬಿಟ್ಟೆ. ನಂಬಿದ್ದೀನಿ ಎಂದು ಬರೆದೆ. ನನಗೆ ಯಾರೂ ಹಾಗೆ ಬರೆದಿರಲಿಲ್ಲ. ಆ ಸಿ.ಡಿ. ಹಾಕಿ ನೋಡಲು ಹೋದ ದಿನವೇ ನಾನು ಮೊದಲ ಸಲ ಪ್ರೋಗ್ರಾಮಿನ ಒಳಗನ್ನು ಬಿಚ್ಚಿ ಓದಿದ್ದು. ಅಪ್ಪನ ಕಾರ್ಡನ್ನು ನೀನು ಬರೆದು ಕಳಿಸಿದ ಮೇಲಂತೂ ನಿನಗೆ ಪತ್ರ ಬರೆಯಲು ಕೈ ಬರಲಿಲ್ಲ. ಮೊದಲು ದಿಟ ಮಾಡಿ, ಆಮೇಲೆ ಬರೆಯೋಣ ಎಂದುಕೊಂಡೆ.

ಅಪ್ಪನಿಗೆ ನಾನೇ ಹೇಳುತ್ತೇನೆ, ಈ ಸಲ ನೇರವಾಗಿ.

ಇನ್ನೊಂದು ಸಣ್ಣ ವಿಷಯ, ಅದನ್ನೂ ಹೇಳಿ ಮುಗಿಸುತ್ತೇನೆ. ಅಕ್ಟೋಬರಿನಲ್ಲಿ ನನಗೆ ಲ್ಯಾಪ್‌ಟಾಪ್ ಬೇಕಾಗಿದ್ದದ್ದು ಕಾರು ಓಡಿಸುವ ಒಂದು ಆಟಕ್ಕೆ. ಈ ಕಪ್ಪು ಡಬ್ಬದಲ್ಲಿ ಅದು ಓಡುವುದಿಲ್ಲ.

ನಿನ್ನ ತಮ್ಮ,
ಪುನೀತ